ಅನುಮಾನ ಅಂತ ಬರೆಸಿದವನು ನಾನೇ: ಒಂದು ಹಾಲಿನ ಡೈರಿಯ ಪ್ರಕರಣ

ಊರಿನ ಹೆಸರು ಬೇಡ. ಹಳೇ ಮೈಸೂರು ಕಡೆಯದು, ಅಷ್ಟು ಸಾಕು. ಹೆಂಗಸಿನ ಹೆಸರನ್ನು ಜಯಮ್ಮ ಅಂತ ಇಟ್ಟುಕೊಳ್ಳೋಣ, ಅದು ಅವರ ಹೆಸರಲ್ಲ. ಅಂಕಿಗಳನ್ನೂ ಗುರುತು ಸಿಗದ ಹಾಗೆ ಸ್ವಲ್ಪ ಆಚೀಚೆ ಮಾಡಿದ್ದೇನೆ. ಆದರೆ ಒಂದಕ್ಕೊಂದು ಇರುವ ನಂಟನ್ನು ಕೆಡಿಸಿಲ್ಲ. ಮರೆಮಾಚದೆ ಹೇಳುತ್ತಿರುವುದು ನಾನು ಮಾಡಿದ್ದನ್ನು ಮಾತ್ರ.

ನಾನು ಪಿಯು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುತ್ತಿದ್ದವನು. ಇಂಗ್ಲಿಷ್ ಪುಸ್ತಕದಲ್ಲಿ 'ಇನ್‌ಫರೆನ್ಸ್' ಅಂತ ಇರುವುದಕ್ಕೆ ಕನ್ನಡದಲ್ಲಿ 'ಅನುಮಾನ' ಅಂತ ಬರೆಸುತ್ತಿದ್ದೆ. ಕಂಡದ್ದನ್ನು ಹಿಡಿದು ಕಾಣದ್ದನ್ನು ತಿಳಿಯುವುದು. 'ಅನು' ಅಂದರೆ ಆಮೇಲೆ, 'ಮಾನ' ಅಂದರೆ ಅಳೆಯುವುದು, ತಿಳಿಯುವುದು. ಮೊದಲು ನೋಡು, ಆಮೇಲೆ ತಿಳಿ. ಪ್ರತಿ ವರ್ಷ ಇದನ್ನು ಹೇಳಿದಾಗ ಹಿಂದಿನ ಬೆಂಚಿನಿಂದ ಯಾರಾದರೂ ಕೇಳೋರು: "ಸಾರ್, ಅನುಮಾನ ಅಂದ್ರೆ ಡೌಟು ಅಲ್ವಾ?" ಅದು ಮನೆಯಲ್ಲಿ ಆಡುವ ಮಾತು, ಇದು ಶಾಸ್ತ್ರದ ಮಾತು ಅಂತ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಆ ಪ್ರಶ್ನೆಯ ಹತ್ತಿರ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕಿತ್ತು.

ನಿವೃತ್ತಿಯಾದ ಮೇಲೆ ಊರಿಗೆ ಬಂದು ಎರಡು ಸೀಮೆ ಹಸು ಕಟ್ಟಿದೆ. ಓದಿದವರು, ಕಾಗದಪತ್ರ ನೋಡಿಕೊಳ್ಳಲಿ ಅಂತ ಹಾಲಿನ ಸಂಘದವರು ನನ್ನನ್ನು ನಿರ್ದೇಶಕನನ್ನಾಗಿ ಮಾಡಿದರು.

ಡೈರಿಯಲ್ಲಿ ಏನು ನಡೆಯುತ್ತದೆ

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಹಾಲು ಹಾಕುತ್ತಾರೆ. ಅಳತೆಯಾದ ಮೇಲೆ ಸ್ವಲ್ಪ ಹಾಲನ್ನು ಜಾರಿಗೆ ಸುರಿದು ಲ್ಯಾಕ್ಟೋಮೀಟರ್ ಬಿಡುತ್ತಾರೆ. ಅದು ಎಷ್ಟಕ್ಕೆ ತೇಲುತ್ತದೋ ಅದನ್ನು ಎಲ್ಲರೂ 'ಡಿಗ್ರಿ' ಅಂತಾರೆ. 28 ಡಿಗ್ರಿ ಅಂದರೆ ಒಂದು ಲೀಟರ್ ಹಾಲು 1,028 ಗ್ರಾಂ ತೂಗುತ್ತದೆ ಅಂತ. ನೀರು 1,000 ಗ್ರಾಂ. ಹಾಗಾಗಿ ನೀರು ಸೇರಿದಷ್ಟೂ ಡಿಗ್ರಿ ಇಳಿಯುತ್ತದೆ. ಫ್ಯಾಟನ್ನು ಬೇರೆ ಯಂತ್ರ ತೋರಿಸುತ್ತದೆ. ಇವೆರಡನ್ನೂ ಒಂದು ಸೂತ್ರಕ್ಕೆ ಹಾಕಿದರೆ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ, ಅಂದರೆ ಎಸ್‌ಎನ್‌ಎಫ್, ಸಿಗುತ್ತದೆ. ಬಟವಾಡೆ ನಿಂತಿರುವುದು ಇದರ ಮೇಲೆ.

ಇಲ್ಲಿ ಕಣ್ಣಿಗೆ ಕಾಣುವುದು ಡಿಗ್ರಿ ಒಂದೇ. ನೀರನ್ನು ಯಾರೂ ಕಾಣುವುದಿಲ್ಲ. ಲ್ಯಾಕ್ಟೋಮೀಟರ್ ಹೇಳುವುದು ಹಾಲು ಎಷ್ಟು ಭಾರ ಇದೆ ಅಂತ. 'ನೀರು ಹಾಕಿದ್ದಾರೆ' ಅನ್ನುವ ಮಾತನ್ನು ಅದರ ಪಕ್ಕ ನಿಂತ ಮನುಷ್ಯ ಸೇರಿಸುತ್ತಾನೆ. ಹಾಲು ಹಾಕಲು ಸಾಲಿನಲ್ಲಿ ನಿಂತು ನೂರಾರು ಸಲ ನೋಡಿದ್ದರೂ ನನಗೆ ಇದು ಹೊಳೆದಿರಲಿಲ್ಲ.

ಹನ್ನೊಂದು ಹೊತ್ತು

ಜಯಮ್ಮನದು ಒಂದೇ ಹಸು. ಬೆಳಿಗ್ಗೆ ಹೊತ್ತಿಗೆ ಒಂಬತ್ತು ಲೀಟರ್, 28ರಿಂದ 28.5 ಡಿಗ್ರಿ, ಫ್ಯಾಟು 3.9. ವರ್ಷಗಟ್ಟಲೆ ಅವರ ಪುಸ್ತಕದಲ್ಲಿ ಹೆಚ್ಚುಕಮ್ಮಿ ಅದೇ ಅಂಕಿ. ಮಾರ್ಚಿಯಲ್ಲಿ ಅವರ ಗಂಡ ತೆಂಗಿನ ಮರದಿಂದ ಬಿದ್ದು ಕಾಲು ಮುರಿದುಕೊಂಡರು. ಏಪ್ರಿಲ್ ಹೊತ್ತಿಗೆ ಡಿಗ್ರಿ 25ಕ್ಕೆ ಇಳಿಯಿತು. ನಮ್ಮ ಸಂಘ ಹಾಕಿಕೊಂಡಿದ್ದ ಗಡಿ 26. ಎರಡು ಹೊತ್ತು ನೋಡಿ ಬಾಯಲ್ಲೇ ಎಚ್ಚರಿಕೆ ಕೊಟ್ಟಾಯಿತು. ಜಯಮ್ಮ "ನಾನೇನೂ ಬೆರೆಸಿಲ್ಲಪ್ಪ" ಅಂದು ಹೋದರು. ಮಾರನೆಯ ದಿನವೂ 25.

ಕಾರ್ಯದರ್ಶಿ ಒಳ್ಳೆಯ ಹುಡುಗ. ಅನ್ಯಾಯ ಆಗಬಾರದು ಅಂತ ಇನ್ನೊಂದು ಲ್ಯಾಕ್ಟೋಮೀಟರ್ ತಂದು ಬಿಟ್ಟು ನೋಡಿದ. ಅದರಲ್ಲೂ 25. ನಮಗೆಲ್ಲ ಇನ್ನೇನು ಬೇಕು ಅನ್ನಿಸಿತು. ಎರಡು ಸಲ ಅಳೆದಾಯಿತಲ್ಲ! ಅಳತೆ ಸರಿ ಇದೆ ಅಂತ ಗೊತ್ತಾಗಿದ್ದನ್ನೇ ತೀರ್ಮಾನ ಸರಿ ಇದೆ ಅಂತ ತಿಳಿದುಕೊಂಡೆವು. ಮೊದಲ ತಿರುವು ಇದು. ಆಗ ಅದು ತಿರುವು ಅಂತ ಯಾರಿಗೂ ಅನ್ನಿಸಲಿಲ್ಲ.

ಹನ್ನೊಂದು ಹೊತ್ತು ಹೀಗೇ, ಹಾಲಿನ ದುಡ್ಡಿನಲ್ಲಿ ಕಡಿತ ಮಾಡುತ್ತಾ ನಡೆದ ಮೇಲೆ ಆಡಳಿತ ಮಂಡಳಿ ಸಭೆ ಸೇರಿತು. ಮಾತು ಹೀಗೆ ಹೋಯಿತು:

"ಗಂಡ ಕಾಲು ಮುರ್ಕೊಂಡು ಮಲಗವ್ನೆ. ಆಸ್ಪತ್ರೆ ಖರ್ಚು ಬೇರೆ. ಇನ್ನೇನ್ ಮಾಡ್ತಾಳೆ, ನಲ್ಲಿ ತಿರುಗಿಸವ್ಳೆ ಅಷ್ಟೇ."

"ಅಲ್ಲ, ಹಾಲೂ ಕಮ್ಮಿ ಆಗಿದೆಯಲ್ಲ. ಒಂಬತ್ತು ಬರ್ತಿದ್ದದ್ದು ಏಳಕ್ಕೆ ಬಂದದೆ. ನೀರು ಹಾಕಿದ್ರೆ ಜಾಸ್ತಿ ಆಗ್ಬೇಕಿತ್ತಲ್ವಾ?"

"ಹಾಲು ಕಮ್ಮಿ ಆಗಿದ್ದಕ್ಕೇ ತಾನೇ ನೀರು ಹಾಕಿರೋದು?"

ಎಲ್ಲರೂ ನಕ್ಕರು. ಆ ಎರಡನೆಯ ಮಾತು ಅಲ್ಲೇ ಸತ್ತಿತು. ಹಾಲು ಜಾಸ್ತಿಯಾಗಿದ್ದರೆ 'ನೋಡಿ, ನೀರು ಸೇರಿದೆ' ಅನ್ನುತ್ತಿದ್ದೆವು. ಕಮ್ಮಿಯಾಗಿದೆ, ಅದಕ್ಕೂ ನೀರೇ ಕಾರಣ. ಏನು ಕಂಡರೂ ಒಂದೇ ಉತ್ತರ ಬರುತ್ತಿದೆ ಅಂದರೆ ನಾವು ನೋಡುವುದನ್ನು ನಿಲ್ಲಿಸಿದ್ದೇವೆ ಅಂತ ಅರ್ಥ. ಇದನ್ನು ಮಕ್ಕಳಿಗೆ ಮೂವತ್ತು ವರ್ಷ ಹೇಳಿದವನು ನಾನು. ಅವತ್ತು ಅವರ ಜೊತೆ ನಾನೂ ನಕ್ಕೆ.

ಆಮೇಲೆ ನೋಟಿಸು. ಕಾರ್ಯದರ್ಶಿ 'ಹಾಲಿಗೆ ನೀರು ಬೆರೆಸಿರುತ್ತೀರಿ' ಅಂತ ಬರೆದಿದ್ದ. ನಾನು ತಡೆದೆ. "ಬೆರೆಸಿದ್ದಾರೆ ಅಂತ ಹೇಗೆ ಬರೀತೀಯಪ್ಪ, ನೋಡಿದ್ದೀಯಾ? 'ಬೆರೆಸಿರುವ ಅನುಮಾನವಿದೆ' ಅಂತ ಬರಿ." ನನ್ನ ಲೆಕ್ಕದಲ್ಲಿ ಅದು ಮೆತ್ತಗಿನ ಮಾತು. ನ್ಯಾಯವಾದ ಮಾತು. ನೋಟಿಸಿನ ಒಂದು ಪ್ರತಿ ಜಯಮ್ಮನಿಗೆ ಹೋಯಿತು, ಇನ್ನೊಂದನ್ನು ಡೈರಿಯ ಬೋರ್ಡಿಗೆ ಅಂಟಿಸಿದರು. ಹಾಲನ್ನು ವಾಪಸ್ ಕಳಿಸಲು ಶುರು ಮಾಡಿದರು. ಅದರ ಜೊತೆಗೆ ಲೀಟರಿಗೆ 5 ರೂಪಾಯಿ ಸರ್ಕಾರದ ಪ್ರೋತ್ಸಾಹಧನವೂ ಹೋಯಿತು.

ಅವತ್ತು ಸಂಜೆ ಜಯಮ್ಮ ನಮ್ಮ ಮನೆ ಜಗುಲಿಗೆ ಬಂದು ನಿಂತರು. ಕೂತುಕೊಳ್ಳಿ ಅಂದರೂ ಕೂರಲಿಲ್ಲ.

"ಮೇಷ್ಟ್ರೇ, ನೀವೂ ನನ್ ಮೇಲೆ ಅನುಮಾನ ಪಟ್ರಾ?"

ಹೇಳಲು ನಾಚಿಕೆಯಾಗುತ್ತದೆ. ನಾನು ಅವರಿಗೆ ಅರ್ಥ ಬಿಡಿಸಿ ಹೇಳಲು ಹೋದೆ. ಅನುಮಾನ ಅಂದರೆ ಆಪಾದನೆ ಅಲ್ಲ, ಒಂದು ಗುರುತು ಕಂಡಾಗ ಅದರ ಹಿಂದಿನ ಕಾರಣ ಊಹಿಸುವುದು, ಹೀಗೇನೇನೋ. ಅವರು ಪೂರ್ತಿ ಕೇಳಿಸಿಕೊಂಡರು.

"ನಂಗೆ ಆ ಅರ್ಥ ಎಲ್ಲ ಗೊತ್ತಾಗಕಿಲ್ಲ. ಬೋರ್ಡಿಗೆ ಅಂಟ್ಸಿದ್ದೀರಿ. ಊರೋರೆಲ್ಲ ಓದ್ತಾವ್ರೆ."

ಮಾರನೆಯ ದಿನದಿಂದ ಅವರು ಡೈರಿಗೆ ಬರಲಿಲ್ಲ. ಹಾಲು ರಸ್ತೆ ಬದಿಯ ಟೀ ಅಂಗಡಿಗೆ ಹೋಯಿತು, ಕಮ್ಮಿ ರೇಟಿಗೆ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಳು" ಅಂತ ಸಂಘದಲ್ಲಿ ಒಬ್ಬರು ಅಂದರು. ನನಗೆ ಈ ಗಾದೆಯ ಮೇಲೆ ಮೊದಲಿನಿಂದಲೂ ಸ್ವಲ್ಪ ತಕರಾರು ಇದೆ. ಊರೆಲ್ಲ ಕಳ್ಳ ಅಂತ ನೋಡುತ್ತಿದ್ದರೆ ಕದಿಯದವನ ಕೈಯೂ ಹೆಗಲಿಗೆ ಹೋಗುತ್ತದೆ. ಇದಕ್ಕಿಂತ ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವನ ಗಾದೆ ನಮಗೆ ಚೆನ್ನಾಗಿ ಒಪ್ಪುತ್ತಿತ್ತು. ಅದನ್ನು ಅವತ್ತು ಯಾರೂ ನೆನೆಯಲಿಲ್ಲ.

ಕೊಟ್ಟಿಗೆಗೆ ಹೋಗಿದ್ರಾ?

ಎರಡು ವಾರದ ಮೇಲೆ ಒಕ್ಕೂಟದ ವಿಸ್ತರಣಾಧಿಕಾರಿ ಬೇರೆ ಕೆಲಸಕ್ಕೆ ಬಂದರು. ಹಾಲು ಹಾಕುವವರೊಬ್ಬರು ಕಮ್ಮಿಯಾಗಿದ್ದಾರಲ್ಲ ಅಂತ ಪುಸ್ತಕ ತೆಗೆಸಿದರು. ಜಯಮ್ಮನ ಪುಟದ ಮೇಲೆ ಬೆರಳಿಟ್ಟು ಫ್ಯಾಟು ಎಷ್ಟಿತ್ತು ಅಂತ ಕೇಳಿದರು. 4.2 ಅಂತ ಅಲ್ಲೇ ಬರೆದಿತ್ತು.

"28.5 ಇದ್ದ ಹಾಲು ನೀರಿನಿಂದ 25ಕ್ಕೆ ಬರಬೇಕಾದ್ರೆ ಲೀಟರಿಗೆ ಹತ್ತಿರ ಹತ್ತಿರ 140 ಎಂಎಲ್ ನೀರು ಹಾಕ್ಬೇಕು. ಹಾಗೆ ಹಾಕಿದ್ರೆ ಫ್ಯಾಟೂ ಇಳೀಬೇಕಲ್ಲ? 3.9 ಇದ್ದದ್ದು 3.4 ಆಗ್ಬೇಕು. ಇಲ್ಲಿ ಏರಿದೆ."

ಯಾರೂ ಮಾತಾಡಲಿಲ್ಲ. ಅದೇ ಸಾಲಿನಲ್ಲಿ, ಡಿಗ್ರಿಯ ಪಕ್ಕದ ಮನೆಯಲ್ಲೇ ಆ ಅಂಕಿ ಇತ್ತು. ಹನ್ನೊಂದು ಹೊತ್ತು ನಾವೇ ನಮ್ಮ ಕೈಯಿಂದ ಬರೆದದ್ದು.

"ಹಾಗಂತ ನೀರು ಹಾಕಿಲ್ಲ ಅಂತಲೂ ಹೇಳಕ್ಕಾಗಲ್ಲ," ಅಂದರು ಅವರು. "ಮೇವು ಬದಲಾದ್ರೂ ಫ್ಯಾಟು ಏರುತ್ತೆ. ಕೊಟ್ಟಿಗೆಗೆ ಹೋಗಿ ಎದುರಿಗೇ ಕರೆಸಿ ನೋಡಿದ್ರಾ?"

ಇಲ್ಲ. ಜಯಮ್ಮನ ಕೊಟ್ಟಿಗೆ ಡೈರಿಯ ಹಿಂದಿನ ಬೀದಿಯಲ್ಲಿದೆ. ನಡೆದರೆ ಎರಡು ನಿಮಿಷ.

ಮಾರನೆಯ ಬೆಳಿಗ್ಗೆ ಐದೂವರೆಗೆ ಅಧಿಕಾರಿ, ಕಾರ್ಯದರ್ಶಿ, ನಾನು ಹೋದೆವು. ಜಯಮ್ಮ ಮೊದಲು ಒಪ್ಪಲಿಲ್ಲ. ಆಮೇಲೆ ಒಳಗಿನಿಂದ ಗಂಡ ಕೂಗಿ ಹೇಳಿದ ಮೇಲೆ ಚೊಂಬು ತಂದರು. ನಮ್ಮ ಕಣ್ಣೆದುರೇ ಕೆಚ್ಚಲು ತೊಳೆದು, ಒರೆಸಿ, ಪೂರ್ತಿ ಕರೆದರು. ಜಾರಿಗೆ ಸುರಿದು ಲ್ಯಾಕ್ಟೋಮೀಟರ್ ಬಿಟ್ಟೆವು. 25. ನೀರಿನ ಹನಿ ತಾಕದ ಹಾಲು.

ಹಾಲಿನ ಬಿಸಿ 36 ಇತ್ತು. ಅಧಿಕಾರಿ ಜಾರನ್ನು ತಣ್ಣೀರಿನ ಬಕೆಟ್‌ನಲ್ಲಿ ಇಟ್ಟು 27ಕ್ಕೆ ಇಳಿಸಿದರು. ಲ್ಯಾಕ್ಟೋಮೀಟರಿನ ಗುರುತು ಹಾಕಿರುವುದೇ ಆ ಬಿಸಿಗೆ. ಹಾಲು ಅದಕ್ಕಿಂತ ಬಿಸಿಯಿದ್ದರೆ ಹಗುರ ತೋರುತ್ತದೆ, ಒಂದು ಸೆಲ್ಸಿಯಸ್‌ಗೆ ಸುಮಾರು 0.2 ಲೆಕ್ಕದಲ್ಲಿ. ತಣಿದ ಮೇಲೆ ಡಿಗ್ರಿ 26 ದಾಟಿ 27ರ ಹತ್ತಿರ ಬಂದು ನಿಂತಿತು. ನಮ್ಮ ಡೈರಿಯ ಥರ್ಮಾಮೀಟರ್ ಒಡೆದು ಎಷ್ಟೋ ತಿಂಗಳಾಗಿತ್ತು. ಹೊಸದು ತರಲು ಯಾರೂ ಹೋಗಿರಲಿಲ್ಲ.

ಆದರೆ ಮೊದಲು ಇದೇ ಹಾಲು 28.5 ಬರುತ್ತಿತ್ತಲ್ಲ? ಅಧಿಕಾರಿ ಕೇಳುತ್ತಾ ಹೋದರು, ಜಯಮ್ಮ ಹೇಳುತ್ತಾ ಹೋದರು. ಮೊದಲೆಲ್ಲ ಗಂಡ ಐದಕ್ಕೆ ಕರೆದು, ಬೇರೆ ಕೆಲಸ ಮುಗಿಸಿ, ಆರೂವರೆಗೆ ಡೈರಿಗೆ ತರುತ್ತಿದ್ದರು. ಅಷ್ಟರಲ್ಲಿ ಹಾಲು ಆರಿರುತ್ತಿತ್ತು. ಈಗ ಜಯಮ್ಮ ಒಬ್ಬರೇ. ಗಂಡನಿಗೆ ಗಂಜಿ, ಮಾತ್ರೆ ಕೊಡಬೇಕು. ಕರೆದ ತಕ್ಷಣ ಓಡಿ ಬಂದು ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದರು. 'ನೋಡು, ಯಾರೂ ಬರೋ ಮುಂಚೆ ಹಾಕಿ ಹೋಗ್ತಾಳೆ' ಅಂತ ಅದನ್ನೂ ನಾವು ನೀರಿನ ಲೆಕ್ಕಕ್ಕೇ ಸೇರಿಸಿದ್ದೆವು.

ಇನ್ನು ಮೇವು. ಆಸ್ಪತ್ರೆಗೆ ದುಡ್ಡು ಹೊಂದಿಸಲು ಹಿಂಡಿ ನಿಲ್ಲಿಸಿದ್ದರು. ಬೂಸಾ ಅರ್ಧಕ್ಕೆ ಇಳಿದಿತ್ತು. ಬೇಸಿಗೆ, ಹಸಿ ಮೇವು ಇಲ್ಲ. ಬರೀ ರಾಗಿ ಹುಲ್ಲು. ಹೊಟ್ಟೆಗೆ ಶಕ್ತಿ ಸಾಲದ ಹಸುವಿನಲ್ಲಿ ಹಾಲು ಕಮ್ಮಿಯಾಗುತ್ತದೆ, ಎಸ್‌ಎನ್‌ಎಫ್ ಇಳಿಯುತ್ತದೆ. ಅದು ಇಳಿದರೆ ಡಿಗ್ರಿಯೂ ಇಳಿಯುತ್ತದೆ. ಒಣ ಹುಲ್ಲೇ ಜಾಸ್ತಿಯಾದಾಗ ಫ್ಯಾಟು ತುಸು ಏರುವುದೂ ಉಂಟು. ಪುಸ್ತಕದಲ್ಲಿ ಇದ್ದದ್ದು ಇದೇ ಮೂರೂ.

ಆಮೇಲೆ ಬಂದ ಪಶುವೈದ್ಯರು ಪ್ರತಿ ಮೊಲೆಯ ಹಾಲನ್ನೂ ಬೇರೆ ಬೇರೆ ಹಿಂಡಿ ಕೆಚ್ಚಲು ಬಾವು ಪತ್ತೆ ಮಾಡುವ ಸಿಎಂಟಿ ಪರೀಕ್ಷೆ ಮಾಡಿದರು. ಒಂದು ಮೊಲೆಯ ಹಾಲು ಲೋಳೆಯಾಯಿತು. ಹೊರಗೆ ಏನೂ ಕಾಣದ, ಒಳಗೇ ಶುರುವಾಗಿದ್ದ ಕೆಚ್ಚಲು ಬಾವು. ಅದೂ ಎಸ್‌ಎನ್‌ಎಫ್ ಇಳಿಸುತ್ತದೆ. ಯಾವುದರಿಂದ ಎಷ್ಟು ಇಳಿಯಿತು ಅಂತ ಪಾಲು ಮಾಡಿ ಹೇಳಲು ಆಗುವುದಿಲ್ಲ ಅಂದರು ವೈದ್ಯರು.

ಈ ಪ್ರಕರಣದಲ್ಲಿ ನನ್ನನ್ನು ಕಾಡಿದ್ದು ಇದೇ. ಸಭೆಯಲ್ಲಿ ನಮ್ಮ ಕೈಲಿದ್ದ ದೊಡ್ಡ ಆಧಾರ ಏನು? ಗಂಡನ ಕಾಲು ಮುರಿದಿದೆ, ದುಡ್ಡಿಗೆ ಕಷ್ಟ. ನಿಜವಾದ ಕಾರಣ ಏನು? ಗಂಡನ ಕಾಲು ಮುರಿದಿದೆ, ದುಡ್ಡಿಗೆ ಕಷ್ಟ. ಎರಡೂ ಒಂದೇ ಕಡೆಯಿಂದ ಹೊರಟವು. ಒಂದು ಕಳ್ಳತನಕ್ಕೆ ಹೋಗಿ ಮುಟ್ಟಿತು, ಇನ್ನೊಂದು ಖಾಲಿ ಗೋದಲಿಗೆ.

ಹೊಗೆ, ಬೆಂಕಿ, ಒದ್ದೆ ಸೌದೆ

ಮನೆಗೆ ಬಂದು ಹಳೆಯ ನೋಟ್ಸ್ ತೆಗೆದೆ. ನ್ಯಾಯಶಾಸ್ತ್ರದ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದ, ಆ ಪ್ರಸಿದ್ಧ ಉದಾಹರಣೆ ಎಲ್ಲರಿಗೂ ಗೊತ್ತು: ಬೆಟ್ಟದಲ್ಲಿ ಬೆಂಕಿಯಿದೆ, ಯಾಕೆಂದರೆ ಹೊಗೆ ಕಾಣುತ್ತಿದೆ. ಅಡುಗೆಮನೆಯಲ್ಲಿ ನೋಡಿದ್ದೇವಲ್ಲ, ಹಾಗೆ. ಹೊಗೆ ಇರುವಲ್ಲೆಲ್ಲ ಬೆಂಕಿ ಇದ್ದೇ ಇರುತ್ತದೆ ಅನ್ನುವ ಬಿಡದ ನಂಟಿಗೆ ಅವರು ಇಟ್ಟ ಹೆಸರು ವ್ಯಾಪ್ತಿ. ಈ ನಂಟನ್ನು ತಿರುಗಿಸಲು ಬರುವುದಿಲ್ಲ ಅಂತಲೂ ಅವರೇ ಹೇಳಿದ್ದಾರೆ. ಬೆಂಕಿ ಇರುವಲ್ಲೆಲ್ಲ ಹೊಗೆ ಇರುವುದಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಎಲ್ಲಿದೆ? ಹೊಗೆ ಬರಬೇಕಾದರೆ ಸೌದೆ ಒದ್ದೆಯಿರಬೇಕು. ಆ ಒದ್ದೆ ಸೌದೆಯಂಥ ಷರತ್ತಿಗೆ ಉಪಾಧಿ ಅಂತಾರೆ.

ನಾವು ಮಾಡಿದ್ದು ಅದೇ ತಪ್ಪು. ನೀರು ಹಾಕಿದರೆ ಡಿಗ್ರಿ ಇಳಿಯುತ್ತದೆ, ನಿಜ. ಅದನ್ನು ತಿರುಗಿಸಿ, ಡಿಗ್ರಿ ಇಳಿದರೆ ನೀರು ಹಾಕಿದ್ದಾರೆ ಅಂದೆವು. 'ಹಾಲು ತಣ್ಣಗಿದ್ದರೆ, ಹಸು ಹೊಟ್ಟೆ ತುಂಬ ತಿಂದಿದ್ದರೆ, ಕೆಚ್ಚಲು ಚೆನ್ನಾಗಿದ್ದರೆ' ಅನ್ನುವ ಷರತ್ತುಗಳನ್ನು ಬಿಟ್ಟೇ ಬಿಟ್ಟೆವು.

ಆ ಶಾಸ್ತ್ರದ ಮೂಲ ಗ್ರಂಥವಾದ ನ್ಯಾಯಸೂತ್ರದಲ್ಲಿ ಇನ್ನೊಂದು ಮಾತು ಬರುತ್ತದೆ. ನದಿ ತುಂಬಿದ್ದನ್ನು ನೋಡಿ ಮೇಲೆಲ್ಲೋ ಮಳೆಯಾಗಿದೆ ಅನ್ನುತ್ತೀರಿ, ಆದರೆ ಕೆಳಗೆ ಯಾರಾದರೂ ಒಡ್ಡು ಕಟ್ಟಿದ್ದರೂ ನದಿ ತುಂಬುತ್ತದಲ್ಲ, ನಿಮ್ಮ ಅನುಮಾನವನ್ನು ಹೇಗೆ ನಂಬುವುದು ಅಂತ ಎದುರಾಳಿ ಕೇಳುತ್ತಾನೆ. ಒಡ್ಡಿನಿಂದ ತುಂಬಿದ ನದಿಯೇ ಬೇರೆ ಅನ್ನುವುದು ಉತ್ತರ. ಮಳೆಯ ನೀರಾದರೆ ಸೆಳೆತ ಜೋರಿರುತ್ತದೆ, ನೊರೆ ಇರುತ್ತದೆ, ಎಲೆ, ಹಣ್ಣು, ಕಟ್ಟಿಗೆ ತೇಲಿಬರುತ್ತವೆ ಅಂತ ವಾತ್ಸ್ಯಾಯನನ ಭಾಷ್ಯ ಬಿಡಿಸಿ ಹೇಳುತ್ತದೆ. ನಾವು ನೀರಿನ ಮಟ್ಟ ಒಂದನ್ನೇ ನೋಡಿದೆವು. ಫ್ಯಾಟು, ಲೀಟರ್, ಹಾಲಿನ ಬಿಸಿ ಎಲ್ಲ ನಮ್ಮ ಮುಂದೆಯೇ ತೇಲಿಹೋದವು.

ತಪ್ಪು ತರ್ಕಕ್ಕೆ ಮದ್ದಿದೆ. ಪದದ ವಿಷಯ ಅಷ್ಟು ಸುಲಭವಲ್ಲ. ಶಾಸ್ತ್ರದಲ್ಲಿ ಅನುಮಾನ ಬೆಟ್ಟದ ಬಗ್ಗೆ. ಬೆಟ್ಟಕ್ಕೆ ಬೇಜಾರಾಗುವುದಿಲ್ಲ. ನಮ್ಮ ಊರಿನ ಕನ್ನಡದಲ್ಲಿ ಅನುಮಾನ ಯಾವಾಗಲೂ ಯಾರದ್ದೋ 'ಮೇಲೆ' ಇರುತ್ತದೆ. ಅದನ್ನು 'ಪಡುತ್ತೇವೆ', ಸಂಕಟ ಪಟ್ಟ ಹಾಗೆ, ಹೊಟ್ಟೆಕಿಚ್ಚು ಪಟ್ಟ ಹಾಗೆ. ಗಂಡ ಹೆಂಡತಿ ನಡುವೆ ಅನುಮಾನ ಅಂದರೆ ಯಾರೂ ಹೊಗೆ ಬೆಂಕಿ ನೆನೆಯುವುದಿಲ್ಲ. ಅದಕ್ಕೇ ತೆಲುಗಿನಿಂದ ಬಂದ 'ಅನುಮಾನಂ ಪೆದ್ದ ರೋಗಂ' ನಮ್ಮ ಬಾಯಲ್ಲೂ ಉಳಿದಿದೆ.

ಹಾಗಾದರೆ ಇನ್‌ಫರೆನ್ಸ್‌ಗೆ ದಿನಬಳಕೆಯಲ್ಲಿ ಏನು ಹೇಳುವುದು? 'ಊಹೆ' ಅಂದರೆ ಆಧಾರ ಸಾಲದು ಅನ್ನಿಸುತ್ತದೆ. 'ಅಂದಾಜು' ಲೆಕ್ಕಕ್ಕೆ ಸರಿ. 'ಗುಮಾನಿ' ಪೊಲೀಸರದ್ದಾಯಿತು. 'ತೀರ್ಮಾನ' ಅಂದರೆ ಮಾತು ಮುಗಿದೇ ಹೋಯಿತು, ಇನ್ನು ಕೇಳುವ ಹಾಗಿಲ್ಲ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ತಂಗಿಯ ಮಗ ಇನ್‌ಫರೆನ್ಸ್ ಅಂತಲೇ ಅನ್ನುತ್ತಾನೆ. ಕಲಿಸಿಟ್ಟ ಕಂಪ್ಯೂಟರ್ ಮಾದರಿಗೆ ಹೊಸ ವಿಷಯ ಕೊಟ್ಟು ಉತ್ತರ ಪಡೆಯುವುದಕ್ಕೆ ಅವರಲ್ಲಿ ಆ ಹೆಸರಂತೆ. ಅವನಿಗೆ ಅದು ಸುಮ್ನೆ ಒಂದು ಕೆಲಸದ ಹೆಸರು, ಯಾರ ಮೇಲೂ ಹೋಗಿ ಕೂರುವುದಿಲ್ಲ. ನಮ್ಮ ಜನ ನಿಜವಾಗಿ ಇನ್‌ಫರೆನ್ಸ್ ಮಾಡುವಾಗ ನಾಮಪದವನ್ನೇ ಬಳಸುವುದಿಲ್ಲ ಅಂತ ಈಗೀಗ ಗಮನಿಸಿದ್ದೇನೆ. "ನೆಲ ಒದ್ದೆ ಇದೆ, ರಾತ್ರಿ ಮಳೆ ಬಂದಿರಬೇಕು." ಆ 'ಇರಬೇಕು' ಸಾಕು. 'ಇರಬಹುದು' ಅಂದರೆ ಇನ್ನೂ ಸ್ವಲ್ಪ ಸಡಿಲ. ಕನ್ನಡ ಈ ಕೆಲಸವನ್ನು ಕ್ರಿಯಾಪದದ ಬಾಲದಲ್ಲಿ ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. ನಾನು ಅದನ್ನು ಎಳೆದು ನೋಟಿಸಿನ ನಡುಮಧ್ಯೆ ದೊಡ್ಡ ಪದವಾಗಿ ಕೂರಿಸಿದೆ.

ಆಮೇಲೆ ಆದದ್ದು

ಸಂಘ ಹನ್ನೊಂದು ಹೊತ್ತಿನ ಕಡಿತವನ್ನು ವಾಪಸ್ ಕೊಟ್ಟಿತು. ತಿರುಗಿ ಕಳಿಸಿದ ಹಾಲಿಗೆ ಏನೂ ಕೊಡಲಾಗಲಿಲ್ಲ, ನಿಯಮದಲ್ಲಿ ಅದಕ್ಕೆ ದಾರಿ ಇರಲಿಲ್ಲ. ಎರಡು ಮೂಟೆ ಪಶು ಆಹಾರವನ್ನು ಸಾಲದ ಮೇಲೆ ಕೊಟ್ಟೆವು. ಕೆಚ್ಚಲಿಗೆ ಔಷಧಿ ನಡೆಯುವಷ್ಟು ದಿನ, ಆಮೇಲೂ ವೈದ್ಯರು ಹೇಳಿದಷ್ಟು ದಿನ ಆ ಹಾಲು ಯಾರಿಗೂ ಹೋಗಲಿಲ್ಲ. ಒಂದು ತಿಂಗಳ ಮೇಲೆ ತಣಿದ ಹಾಲು 28 ತೋರಿಸಿತು. ಬೋರ್ಡಿಗೆ ತಪ್ಪೊಪ್ಪಿಗೆ ಅಂಟಿಸೋಣ ಅಂದೆ. ಬೇಡ, ಮತ್ತೆ ನನ್ ಹೆಸರು ಅಲ್ಲಿ ಬರೋದೇ ಬೇಡ ಅಂದರು ಜಯಮ್ಮ.

ಥರ್ಮಾಮೀಟರ್ ಬಂತು. ನೋಟಿಸಿನ ಮಾತನ್ನೂ ಬದಲಿಸಿದೆವು. ಈಗ ಹೀಗಿದೆ: 'ಇಂಥ ದಿನ, ಇಷ್ಟು ಬಿಸಿಯಲ್ಲಿ, ಡಿಗ್ರಿ ಇಷ್ಟು, ಫ್ಯಾಟು ಇಷ್ಟು ಬಂದಿದೆ. ನಾಳೆ ಬೆಳಿಗ್ಗೆ ನಿಮ್ಮ ಕೊಟ್ಟಿಗೆಗೆ ಬರುತ್ತೇವೆ.' ಕಾರಣದ ಬಗ್ಗೆ ಒಂದು ಅಕ್ಷರವೂ ಇಲ್ಲ. ಬೋರ್ಡಿಗೂ ಹೋಗುವುದಿಲ್ಲ.

ಮಳೆಗಾಲದಲ್ಲಿ ಇನ್ನೊಬ್ಬರ ಹಾಲು 24ಕ್ಕೆ ಬಂತು. ಫ್ಯಾಟೂ ಇಳಿದಿತ್ತು, ಲೀಟರ್ ಏರಿತ್ತು. ಕೊಟ್ಟಿಗೆಗೆ ಹೋಗಿ ಎದುರಿಗೇ ಕರೆಸಿದೆವು. ತಣಿಸಿ ನೋಡಿದರೆ 28. ಡೈರಿಗೆ ಹಾಕಿದ್ದ ಹಾಲಿನ ಮಾದರಿಯನ್ನು ಒಕ್ಕೂಟದ ಲ್ಯಾಬಿಗೆ ಕಳಿಸಿದೆವು. ಹಾಲು ಸೊನ್ನೆಗಿಂತ ಅರ್ಧ ಸೆಲ್ಸಿಯಸ್‌ನಷ್ಟು ಕೆಳಗೆ ಹೆಪ್ಪುಗಟ್ಟುತ್ತದೆ, ನೀರು ಸೇರಿದರೆ ಸೊನ್ನೆಯ ಕಡೆಗೆ ಸರಿಯುತ್ತದೆ. ಅಲ್ಲಿ ಅದನ್ನು ಅಳೆಯುತ್ತಾರೆ. ನೀರೇ ಆಗಿತ್ತು. ದಂಡ ಹಾಕಿದೆವು.

ಜಯಮ್ಮ ಮತ್ತೆ ಡೈರಿಗೆ ಹಾಲು ಹಾಕುತ್ತಿದ್ದಾರೆ. ನನ್ನ ಜೊತೆ ಮಾತು ಬೇಕಾದಷ್ಟೇ. ಈಗಲೂ ಸಾಲಿನಲ್ಲಿ ಮೊದಲು ಬಂದು ನಿಲ್ಲುತ್ತಾರೆ. ಕಾರ್ಯದರ್ಶಿ ಲ್ಯಾಕ್ಟೋಮೀಟರ್ ಎತ್ತಿಕೊಂಡರೆ, "ಮೊದ್ಲು ಬಿಸಿ ಎಷ್ಟದೆ ನೋಡಿ ಬರ್ಕೊಳಪ್ಪ" ಅಂದು, ಅವನು ಬರೆಯುವವರೆಗೂ ಕ್ಯಾನಿನ ಮುಚ್ಚಳ ತೆಗೆಯುವುದಿಲ್ಲ.